ಮಧ್ಯಾಹ್ನದವಳು

ಜನವರಿ 8

ಗುಂಡುಸೂಜೀ,

ಹೆತ್ತು ತಿಂಗಳಾಯಿತು, ನಿನ್ನಿಂದ ಒಂದು ಸಾಲು ಇಲ್ಲ. ಅಳಿಯ ಫೋನು ಮಾಡಿದ್ದ. ಪಕ್ಕದ ಕ್ಷೌರದಂಗಡಿಯವನು ಓಡಿ ಬಂದು ನನ್ನ ಕಿವಿಗೆ ಬಾಯಿಟ್ಟು ಹೆಣ್ಣು ಮಗು ಎಂದು ಕೂಗಿದ. ಬೀದಿಗೆಲ್ಲ ಕೇಳಿಸಿತು, ನನಗೆ ಅರ್ಧ ಕೇಳಿಸಿತು. ನಲವತ್ತು ವರ್ಷ ಹೊಲಿಗೆ ಮೆಷಿನ್ನಿನ ಪಕ್ಕ ಕೂತ ಕಿವಿ, ಇನ್ನೆಷ್ಟು ಕೇಳಿಸೀತು? ಫೋನು ನನಗೆ ಆಗಿಬರುವುದಿಲ್ಲ. ಕಾಗದವಾದರೆ ಎರಡು ಸಲ ಓದಬಹುದು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ನಾನು ಬರೆಯುತ್ತಿದ್ದೇನೆ, ಹದಿನೈದು ವರ್ಷ ಓದಿದ ನಿನಗೇನು ಧಾಡಿ?

ಇದರ ಜೊತೆ ಎರಡು ಅಂಗಿ ಇವೆ. ಕಣ್ಣಂದಾಜಿಗೆ ಹೊಲಿದದ್ದು. ಕಾಣದ ಕೂಸಿಗೆ ಹೊಲಿಯುವುದು ನನಗೆ ಸೇರದ ಕೆಲಸ, ಆದ್ದರಿಂದ ಮುಂದಿನದಕ್ಕೆ ಅಳತೆ ಕಳಿಸು. ಟೇಪಿನಲ್ಲಿ ಅಳೆಯಬೇಡ. ಅಲ್ಲಿಯ ಟೇಪಿನ ಲೆಕ್ಕ ಬೇರೆ, ಇಲ್ಲಿಯದು ಬೇರೆ, ನೀನು ಮೊದಲೇ ಲೆಕ್ಕದಲ್ಲಿ ದಡ್ಡಿ. ನೂಲು ತೆಗೆದುಕೋ. ಎದೆಯ ಸುತ್ತಿಗೆ ಒಂದು ನೂಲು, ತುದಿಗೆ ಒಂದು ಗಂಟು. ಹೆಗಲಿನಿಂದ ಮೊಣಕಾಲಿಗೆ ಇನ್ನೊಂದು, ಅದಕ್ಕೆ ಎರಡು ಗಂಟು. ತೋಳಿಗೆ ಮೂರು. ಕುತ್ತಿಗೆಗೆ ನಾಲ್ಕು. ದೂರದ ಗಿರಾಕಿಗಳು ನಮ್ಮ ಅಂಗಡಿಗೆ ಹೀಗೇ ಅಲ್ಲವೇ ಅಳತೆ ಕಳಿಸುತ್ತಿದ್ದದ್ದು? ನಾಲ್ಕು ನೂಲು ಬಂದರೆ ಕೂಸೇ ಬಂದು ನನ್ನ ಮೇಜಿನ ಮೇಲೆ ಮಲಗಿದ ಹಾಗೆ.

ಹೊತ್ತಿಗೆ ಸರಿಯಾಗಿ ಉಣ್ಣು. ಬೆಚ್ಚಗಿರು. ನಿನ್ನಮ್ಮ ನನ್ನ ಮಾತು ಕೇಳದೆ ಬಾಣಂತಿ ಜ್ವರದಲ್ಲಿ ಹೋದಳು. ಈ ಮನೆಯಲ್ಲಿ ಹಾಗೆ ಒಬ್ಬಳು ಹೋದದ್ದು ಸಾಕು.

ದೊಡ್ಡಮ್ಮ


ಜನವರಿ 22

ದೊಡ್ಡಮ್ಮಾ,

ಬೈಗುಳವೂ ಬಂತು, ಅಂಗಿಗಳೂ ಬಂದವು. ಬೈಗುಳ ಅಳತೆಗೆ ಸರಿಯಾಗಿದೆ. ಅಂಗಿ ಸ್ವಲ್ಪ ದೊಡ್ಡದಾಯಿತು.

ನೂಲುಗಳು ಇದರೊಳಗಿವೆ. ವಾರಕ್ಕೊಮ್ಮೆ ಒಬ್ಬ ನರ್ಸ್ ಮನೆಗೇ ಬಂದು ಮಗುವನ್ನು ತೂಗಿ ಹೋಗುತ್ತಾಳೆ. ಮಗುವನ್ನು ಅವಳು ಹಿಡಿದುಕೊಂಡಳು, ನಾನು ನೂಲು ಸುತ್ತಿದೆ. ಇದೇನು ಮಾಟ ಮಾಡುತ್ತಿದ್ದಾಳೋ ಎಂಬಂತೆ ನೋಡಿದಳು. ಅವರ ಭಾಷೆಯಲ್ಲಿ ವಿವರಿಸಲು ಬರದೆ ಗಾಳಿಯಲ್ಲಿ ಸೂಜಿ ಆಡಿಸಿ ತೋರಿಸಿದೆ. ನಕ್ಕಳು. ಈ ದೇಶದಲ್ಲಿ ನನ್ನ ಮಾತಿಗೆ ಯಾರಾದರೂ ನಕ್ಕದ್ದು ಅದೇ ಮೊದಲು.

ಮನೆ ಹನ್ನೊಂದನೇ ಮಹಡಿಯಲ್ಲಿದೆ ಎಂದು ಹೇಳಿದ್ದೆನಲ್ಲ. ಒಂದು ಕೋಣೆ, ಅಡುಗೆಮನೆ, ಬಚ್ಚಲು. ಕಿಟಕಿ ನಾಲ್ಕು ಬೆರಳಿಗಿಂತ ಹೆಚ್ಚು ತೆರೆಯದಂತೆ ಮಾಡಿದ್ದಾರೆ. ಇವರು ಬೆಳಿಗ್ಗೆ ಆರಕ್ಕೆ ರಿಪೇರಿ ಚೀಲ ಹೆಗಲಿಗೇರಿಸಿಕೊಂಡು ಕೆಟ್ಟ ಲಿಫ್ಟುಗಳನ್ನು ಹುಡುಕಿಕೊಂಡು ಹೋದರೆ ಬರುವುದು ಸಂಜೆ ಏಳಕ್ಕೆ. ಅಲ್ಲಿಯವರೆಗೆ ನಾನು, ಮಗು, ಗೋಡೆಯೊಳಗಿನ ಬಿಸಿನೀರಿನ ಕೊಳವೆ. ಮೂವರಲ್ಲಿ ಮಾತಾಡುವುದು ಕೊಳವೆ ಒಂದೇ. ಮಗು ಮೊದಲ ಹದಿನೈದು ದಿನ ಅತ್ತಿತು. ಈಗ ಅಳುವುದೇ ಇಲ್ಲ.

ಒಬ್ಬಳು ಬರುತ್ತಾಳೆ ದೊಡ್ಡಮ್ಮಾ, ಮಧ್ಯಾಹ್ನದ ಹೊತ್ತು. ಹನ್ನೆರಡೂವರೆಗೆ ಲಿಫ್ಟು ನಮ್ಮ ಮಹಡಿಯಲ್ಲಿ ನಿಂತ ಸದ್ದಾಗುತ್ತದೆ. ಬಂದು ನೀರು ಹದ ಮಾಡಿ ಮಗುವಿಗೆ ಎರೆದು, ಬಟ್ಟೆ ತೊಡಿಸಿ, ಮಲಗಿಸಿ ಹೋಗುತ್ತಾಳೆ. ನಮ್ಮ ಭಾಷೆಯವಳೇ. ಹೆಚ್ಚು ಮಾತಿಲ್ಲ. "ನೀನು ಕೂತ್ಕೋ, ನಾನು ನೋಡ್ಕೋತೀನಿ" ಎನ್ನುತ್ತಾಳೆ, ಅಷ್ಟೇ. ನಾನು ಕೂತುಕೊಳ್ಳುತ್ತೇನೆ. ಇಷ್ಟು ದೂರದಲ್ಲಿ ಇಂಥ ಒಬ್ಬಳು ಸಿಕ್ಕಿದ್ದು ಪುಣ್ಯ ಅಲ್ಲವೇ? ನೀನು ಚಿಂತೆ ಮಾಡಬೇಡ.

ಗುಂಡುಸೂಜಿ


ಫೆಬ್ರವರಿ 6

ಗುಂಡುಸೂಜೀ,

ಯಾರವಳು? ಯಾವ ಮನೆಯವಳು, ಎಷ್ಟನೇ ಮಹಡಿ, ಗಂಡನಿಗೇನು ಕೆಲಸ, ತನ್ನವು ಎಷ್ಟು ಮಕ್ಕಳು? ಕೂಸಿಗೆ ನೀರು ಹಾಕುವವಳ ಹಿಂದುಮುಂದು ಕೇಳದೆ ಕುರ್ಚಿಯಲ್ಲಿ ಕೂರಲು ನೀನೇನು ಮದುವೆಗೆ ಬಂದ ನೆಂಟಳೇ? ಮುಂದಿನ ಕಾಗದದಲ್ಲಿ ಎಲ್ಲ ಬರೆ. ಒಳ್ಳೆಯವಳಾಗಿದ್ದರೆ ನಾನೇ ಎರಡು ಸಾಲು ಬರೆದು ಉಪಕಾರವಾಯಿತು ಎನ್ನುತ್ತೇನೆ. ಕೂಸನ್ನು ಅವಳ ಕೈಗೆ ಕೊಡು, ಬೀಗದ ಕೈ ಕೊಡಬೇಡ.

ನನಗೆ ಹೊಟ್ಟೆಕಿಚ್ಚು ಎಂದುಕೋ. ಹೌದು, ಹೊಟ್ಟೆಕಿಚ್ಚೇ. ಆ ಕೂಸಿಗೆ ಎರೆಯಬೇಕಾದ ಕೈ ಇಲ್ಲಿ ಯಾರದೋ ಪೈಜಾಮಕ್ಕೆ ಲಾಡಿ ಪೋಣಿಸುತ್ತಾ ಕೂತಿದೆ.

ನಾಲ್ಕು ಅಂಗಿ ಕಳಿಸಿದ್ದೇನೆ. ನಿನ್ನ ನೂಲಿನ ಅಳತೆಗೆ ಕತ್ತರಿಸಿದ್ದು, ಆದರೆ ಬೆಳೆಯುವ ಮೈಯಲ್ಲವೇ, ಎಲ್ಲ ಕಡೆ ಸಡಿಲು ಬಿಟ್ಟಿದ್ದೇನೆ. ಹಳೆಯ ಪಂಚೆಯ ಬಟ್ಟೆ, ನೂರು ಸಲ ಒಗೆದು ಮೆತ್ತಗಾದದ್ದು. ಕ್ಷೌರದವನು ನೋಡಿ ಇಷ್ಟು ಸಣ್ಣ ಅಂಗಿ ಬೆಕ್ಕಿಗಾ ಎಂದ. ನಿನ್ನ ತಲೆಯ ಮೇಲೆ ಉಳಿದಿರುವ ಕೂದಲಿಗಿಂತ ದೊಡ್ಡದೇ ಇದೆ ಎಂದೆ.

ತಿಂಗಳ ಕೊನೆಗೆ ಮತ್ತೆ ಅಳೆದು ನೂಲು ಕಳಿಸು. ಈ ವಯಸ್ಸಿನ ಕೂಸು ಕುಂಬಳದ ಹೀಚಿನ ಹಾಗೆ, ಬೆಳಿಗ್ಗೆ ನೋಡಿದ್ದು ಸಂಜೆಗಿರುವುದಿಲ್ಲ.

ದೊಡ್ಡಮ್ಮ


ಫೆಬ್ರವರಿ 25

ದೊಡ್ಡಮ್ಮಾ,

ಅಂಗಿಗಳು ಹೂವಿನ ಹಾಗಿವೆ. ಹೇಳಿದಂತೆ ಅಳೆದಿದ್ದೇನೆ, ನಾಲ್ಕು ನೂಲೂ ಇವೆ. ಚೆನ್ನಾಗಿ ಬೆಳೆದಿದೆ, ನೀನೇ ನೋಡುತ್ತೀ. ತೂಕವೂ ಏರಿದೆ ಎಂದು ನರ್ಸ್ ಹೇಳಿದಳು.

ನೀನು ಕೇಳಿದ್ದಕ್ಕೆ ಉತ್ತರ ನನ್ನಲ್ಲಿಲ್ಲ. ಎಷ್ಟನೇ ಮಹಡಿ ಎಂದು ಕೇಳಬೇಕೆಂದುಕೊಳ್ಳುತ್ತೇನೆ, ಅವಳು ಬಂದಾಗ ಮರೆತಿರುತ್ತೇನೆ. ಬೀಗದ ಕೈ ಕೊಟ್ಟಿಲ್ಲ. ಬಾಗಿಲು ತೆರೆದ ಸದ್ದನ್ನೂ ನಾನು ಕೇಳಿಲ್ಲ. ಲಿಫ್ಟು ನಿಲ್ಲುತ್ತದೆ, ಸ್ವಲ್ಪ ಹೊತ್ತಿಗೆ ಬಚ್ಚಲಲ್ಲಿ ನೀರಿನ ಸದ್ದು. ಅಷ್ಟರಲ್ಲಿ ನಾನು ಅಡುಗೆಮನೆಯ ಕುರ್ಚಿಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂತಿರುತ್ತೇನೆ. ತಿರುಗಿ ನೋಡುವುದು ಸರಿಯಲ್ಲ ಅನಿಸುತ್ತದೆ, ಯಾಕೆಂದು ಕೇಳಬೇಡ. ಒಂದೇ ಸಲ ಓರೆಗಣ್ಣಿಗೆ ಕೈಗಳು ಕಂಡವು. ಒದ್ದೆ ಕೈ. ಅಂಗಿ ತೊಡಿಸುವ ಮೊದಲು ಒಳಗಿನ ಹೊಲಿಗೆಯ ಮೇಲೆಲ್ಲ ಹೆಬ್ಬೆರಳು ಆಡಿಸಿ ನೋಡಿದಳು, ನಮ್ಮ ಅಂಗಡಿಯಲ್ಲಿ ಮಾಡುವ ಹಾಗೆ.

ನನ್ನ ಹತ್ತಿರ ಮಗು ಕಲ್ಲಿನ ಹಾಗಿರುತ್ತದೆ ದೊಡ್ಡಮ್ಮಾ. ಮುಷ್ಟಿ ಬಿಗಿದುಕೊಂಡು ನನ್ನನ್ನಲ್ಲ, ನನ್ನ ಹೆಗಲಿನಾಚೆ ಯಾರನ್ನೋ ನೋಡುತ್ತದೆ. ಬಾಟಲಿಯನ್ನು ದಿಂಬಿಗೆ ಒರಗಿಸಿಟ್ಟು ಹಾಲು ಕುಡಿಸುತ್ತೇನೆ. ಅವಳ ಕೈಯಲ್ಲಿ ಇದ್ದಾಗ ನಗುವುದು ಗೋಡೆಯ ಕಡೆ ಕೂತರೂ ನನಗೆ ಕೇಳಿಸುತ್ತದೆ. ಮೊದಮೊದಲು ಬೇಸರವಾಗುತ್ತಿತ್ತು. ಈಗಿಲ್ಲ. ಅದಕ್ಕೆ ಬೇಕಾದವಳು ಸಿಕ್ಕಿದ್ದಾಳೆ, ನಾನು ಯಾಕೆ ನಡುವೆ ಅನಿಸುತ್ತದೆ. ಒಂದು ದಿನ ಅವಳು ಎರೆಯುತ್ತಿರುವಾಗಲೇ ಎದ್ದು ಹೋದರೆ ಯಾರಿಗೂ ತೊಂದರೆಯಾಗುವುದಿಲ್ಲ. ಲಿಫ್ಟು ಹೇಗೂ ನಮ್ಮ ಮಹಡಿಯಲ್ಲೇ ನಿಂತಿರುತ್ತದೆ.

ಇವರಿಗೆ ಅವಳ ವಿಷಯ ಹೇಳಿಲ್ಲ. ನೀನೂ ಹೇಳಬೇಡ.

ಗುಂಡುಸೂಜಿ


ಮಾರ್ಚ್ 12

ಗುಂಡುಸೂಜೀ,

ನಿನ್ನ ನೂಲು ನಿನ್ನೆ ಬಂತು. ಕಾಗದ ಓದುವ ಮೊದಲೇ ನೂಲನ್ನು ಮೇಜಿನ ಮೇಲೆ ಹಾಸಿ, ಹಳೆಯದರ ಪಕ್ಕಕ್ಕಿಟ್ಟೆ. ಎದೆ ಎರಡು ಇಂಚು ಹೆಚ್ಚು. ಹಿಗ್ಗಿ ಹೀರೇಕಾಯಿಯಾದೆ. ಕ್ಷೌರದವನನ್ನು ಕರೆದು ತೋರಿಸಿದೆ. ಉದ್ದ ಮೂರು ಇಂಚು ಹೆಚ್ಚು. ತೋಳು ಒಂದೂವರೆ. ಅಲ್ಲಿಗೆ ಕೈ ನಿಂತಿತು. ಕುತ್ತಿಗೆಯದನ್ನು ಅಳೆಯಲು ಮನಸ್ಸಾಗಲಿಲ್ಲ. ಅಳೆದೆ. ಅರ್ಧ ಇಂಚು.

ಎದೆಗೆ ಎರಡು, ಉದ್ದಕ್ಕೆ ಮೂರು, ತೋಳಿಗೆ ಒಂದೂವರೆ, ಕುತ್ತಿಗೆಗೆ ಅರ್ಧ. ನಾನು ಕೂಸಿನ ಅಂಗಿಗೆ ಬಿಡುವ ಸಡಿಲು ಅದು. ನಲವತ್ತು ವರ್ಷದಿಂದ ಅಷ್ಟೇ ಬಿಡುವುದು. ದೇವರು ಕೂಸುಗಳನ್ನು ನನ್ನ ಕತ್ತರಿ ಕೇಳಿ ಬೆಳೆಸುವುದಿಲ್ಲ. ನೀನು ಅಳೆದದ್ದು ಮೈಯನ್ನಲ್ಲ, ನಾನು ಹೊಲಿದ ಅಂಗಿಯನ್ನು. ಮಂಚದ ಮೇಲೆ ಖಾಲಿ ಅಂಗಿ ಹರಡಿ ನೂಲು ಹಿಡಿದಿದ್ದೀ. ಕೂಸು ಒಂದು ಮಾರು ದೂರದಲ್ಲಿ ಮಲಗಿತ್ತು. ದರ್ಜಿಯ ಮನೆಯಲ್ಲಿ ಬೆಳೆದು ದರ್ಜಿಗೇ ಸುಳ್ಳು ಅಳತೆ ಕಳಿಸುತ್ತೀಯಾ?

ಆಮೇಲೆ ಕಾಗದ ಓದಿದೆ. ಕೊನೆಯ ಸಲ ಅದನ್ನು ಎತ್ತಿಕೊಂಡದ್ದು ಯಾವಾಗ? ಮುಟ್ಟಿದರೆ ಕೈ ಸವೆಯುತ್ತದೆಯೇ? ದಿಂಬು ಹಾಲು ಕುಡಿಸುತ್ತದೆ, ಯಾವಳೋ ನೀರು ಹಾಕುತ್ತಾಳೆ, ನೀನು ಗೋಡೆ ನೋಡುತ್ತೀ. ಎದ್ದು ಹೋಗುತ್ತಾಳಂತೆ. ಎಲ್ಲಿಗೆ? ಲೋಕದಲ್ಲಿ ನೀನೊಬ್ಬಳೇ ಹೆತ್ತಿದ್ದೀಯಾ? ನಾಟಕ ಬಿಡು. ಆ ಮಧ್ಯಾಹ್ನದವಳಿಗೆ ನಾಳೆಯಿಂದ ಬರಬೇಡ ಎನ್ನು. ಎದ್ದು ಕೂಸನ್ನು ಎತ್ತಿಕೋ.

ದೊಡ್ಡಮ್ಮ


ಮಾರ್ಚ್ 19

ಮಗಳೇ,

ಹಿಂದಿನ ಕಾಗದ ಬಂದಿದ್ದರೆ ಹರಿದುಹಾಕು. ಬಂದಿಲ್ಲದಿದ್ದರೆ, ಬಂದಾಗ ಓದಬೇಡ.

ಅದನ್ನು ಅಂಚೆ ಡಬ್ಬಕ್ಕೆ ಹಾಕಿ ಬಂದು ಮೆಷಿನ್ನಿನ ಮುಂದೆ ಕೂತಾಗ ನೆನಪಾಯಿತು. ನಾಟಕ ಬಿಡು ಎಂದು ಬರೆದಿದ್ದೆನಲ್ಲ, ಆ ಮಾತನ್ನು ನಾನು ಹಿಂದೆಯೂ ಒಬ್ಬಳಿಗೆ ಹೇಳಿದ್ದೇನೆ. ಮಾರನೆಯ ಬೆಳಿಗ್ಗೆ ಕ್ಷೌರದಂಗಡಿಗೆ ಹೋದೆ. ಒಬ್ಬ ಗಿರಾಕಿ ಒಂದು ಕೆನ್ನೆಗೆ ನೊರೆ ಹಚ್ಚಿಸಿಕೊಂಡು ಕೂತಿದ್ದ. ಅವನನ್ನು ಹಾಗೇ ಬಿಡಿಸಿ ಅಳಿಯನಿಗೆ ಫೋನು ಹಚ್ಚಿಸಿದೆ. ಕೈಯಲ್ಲಿರುವ ಕೆಲಸ ಬಿಟ್ಟು ಈಗಲೇ ಮನೆಗೆ ಹೋಗು, ಮಧ್ಯಾಹ್ನದೊಳಗೆ ಹೋಗು ಎಂದು ಹೇಳಿಸಿದೆ.

ಮೂರು ದಿನ ಬಿಟ್ಟು ಅಳಿಯ ಫೋನು ಮಾಡಿದ. ಕ್ಷೌರದವನು ಈ ಸಲ ಕೂಗಲಿಲ್ಲ. ಹಳೆಯ ಪೇಪರಿನ ಅಂಚಿನಲ್ಲಿ ಬರೆದು ನನ್ನ ಮುಂದಿಟ್ಟು ಆಚೆ ಹೋಗಿ ನಿಂತ. ಬಾಗಿಲಿಗೆ ಎರಡು ಬೀಗ, ಎರಡರ ಕೈಯೂ ನಮ್ಮಿಬ್ಬರ ಹತ್ತಿರ ಮಾತ್ರ ಇವೆ. ಆ ಕಟ್ಟಡದಲ್ಲಿ ನಮ್ಮ ಭಾಷೆಯವರು ಯಾರೂ ಇಲ್ಲ. ಹೊರಗಿನಿಂದ ಯಾರೂ ಬರುವುದಿಲ್ಲ. ನಾನು ಹೋದಾಗ ಮಗುವಿಗೆ ಎರೆದು ಬಟ್ಟೆ ತೊಡಿಸಿ ಆಗಿತ್ತು. ಅವಳೇ ಮಾಡುತ್ತಾಳೆ, ಅವಳಿಗೇ ನೆನಪಿರುವುದಿಲ್ಲ, ಡಾಕ್ಟರಿಗೆ ತೋರಿಸಿದ್ದೇನೆ, ರಜೆ ಹಾಕಿದ್ದೇನೆ. ಅಷ್ಟು ಬರೆದಿತ್ತು.

ಕೇಳು. ಅವಳು ನೀನೇ. ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸುವುದು ಈ ಅಂಗಡಿಯ ಅಭ್ಯಾಸ, ಎಲ್ಲಾದರೂ ಸೂಜಿ ಉಳಿದಿದೆಯೋ ಎಂದು. ಐದು ವರ್ಷದವಳಿದ್ದಾಗ ನಿನ್ನ ಬೆರಳು ಹಿಡಿದು ನಾನೇ ಕಲಿಸಿದ್ದು. ಕೂಸು ನಗುವುದು ನಿನ್ನ ಕೈಯಲ್ಲೇ. ನಿನಗೆ ಅದು ಗೊತ್ತಾಗುತ್ತಿಲ್ಲ. ಇದು ಕಾಯಿಲೆ. ಹೆತ್ತ ಮೇಲೆ ಕೆಲವರಿಗೆ ಬರುತ್ತದೆ. ನಾಟಕವಲ್ಲ.

ನನಗೆ ಹೇಗೆ ಗೊತ್ತು ಎಂದರೆ, ನಿನ್ನಮ್ಮ ಜ್ವರದಲ್ಲಿ ಹೋಗಲಿಲ್ಲ. ಜ್ವರ ನಾನು ಹೊಲಿದದ್ದು.

ನೀನು ಹುಟ್ಟಿದ ಮೂರನೇ ತಿಂಗಳಿಗೆ ಅವಳು ಒಬ್ಬಳ ಮಾತು ತೆಗೆದಳು. ಹೆಸರಿಲ್ಲ, ಬರೀ ಅವಳು. "ಅಕ್ಕಾ, ನನ್ನ ಹತ್ರ ಕಲ್ಲಿನ ಹಾಗಿರುತ್ತೆ, ಅವಳ ಕೈಲಿ ನಗುತ್ತೆ" ಎನ್ನುತ್ತಿದ್ದಳು. ನಿನ್ನ ಕಾಗದದಲ್ಲಿ ಅದೇ ಮಾತು ಓದಿದೆ. ನೀನು ಅದನ್ನು ಯಾರ ಬಾಯಲ್ಲಿ ಕೇಳಿದ್ದೆ? ನಾನಂತೂ ಯಾರ ಮುಂದೆಯೂ ಆಡಿಲ್ಲ. ಆಗ ಶಾಲೆ ಶುರುವಾಗುವ ಸಮಯ, ಮುನ್ನೂರು ಯೂನಿಫಾರ್ಮು ಹೊಲಿಯುವುದಿತ್ತು. ನಾಟಕ ಬಿಡು, ಕಾಜ ಹಾಕು ಬಾ ಎಂದೆ. ಒಂದು ಮಧ್ಯಾಹ್ನ ನಿನಗೆ ಎರೆದು, ಅಂಗಿ ತೊಡಿಸಿ, ತಂದು ಕತ್ತರಿಸಿದ ಬಟ್ಟೆಯ ರಾಶಿಯ ಮೇಲೆ ಮಲಗಿಸಿದಳು. "ಇನ್ನು ಅವಳೇ ನೋಡ್ಕೋತಾಳೆ ಅಕ್ಕಾ" ಎಂದಳು. ನಾನು ತಲೆ ಎತ್ತಲಿಲ್ಲ. ಒಂದು ತೋಳು ಮುಗಿಸಿ, ದಾರ ಕಡಿದು ತಿರುಗಿದರೆ ಬಾಗಿಲಲ್ಲಿ ಅವಳ ಚಪ್ಪಲಿ ಇತ್ತು, ಅವಳಿರಲಿಲ್ಲ. ಬಸ್ ನಿಲ್ದಾಣ, ರೈಲು ನಿಲ್ದಾಣ, ಕೆರೆ, ಆಸ್ಪತ್ರೆ, ಎಲ್ಲ ನೋಡಿದೆವು. ಇಪ್ಪತ್ತೆಂಟು ವರ್ಷವಾಯಿತು. ಎಲ್ಲಿಯೂ ಸಿಗಲಿಲ್ಲ.

ನಿನಗೆ ಹೇಳಲಿಲ್ಲ. ಹೇಳಿದರೆ ನನ್ನ ತಪ್ಪನ್ನೂ ಹೇಳಬೇಕಿತ್ತು.

ಡಾಕ್ಟರ ಮುಂದೆ ಒಂದೂ ಮುಚ್ಚಿಡಬೇಡ. ಇದನ್ನೂ ಹೇಳು, ತಾಯಿಗೂ ಹೀಗಾಗಿತ್ತು ಎಂದು. ಮಾತ್ರೆ ಕೊಟ್ಟರೆ ನುಂಗು. ಲಿಫ್ಟಿನ ಹತ್ತಿರ ಒಬ್ಬಳೇ ಹೋಗಬೇಡ. ನೀನು ಹೋದರೆ ಕೂಸನ್ನು ನೋಡಿಕೊಳ್ಳಲು ಅಲ್ಲಿ ಇನ್ನೊಬ್ಬಳಿಲ್ಲ. ಇದನ್ನು ದಿನಕ್ಕೆ ಹತ್ತು ಸಲ ಓದು.

ದೊಡ್ಡಮ್ಮ


ಏಪ್ರಿಲ್ 14

ದೊಡ್ಡಮ್ಮಾ,

ಹರಿದುಹಾಕು ಎಂದ ಕಾಗದ ವಾರ ಮೊದಲೇ ಬಂದಿತ್ತು, ಓದಿಯೂ ಆಗಿತ್ತು. ಹರಿದಿಲ್ಲ. ಅದರಲ್ಲಿ ಬರೆದದ್ದು ನಿಜ. ಅಂಗಿಯನ್ನೇ ಅಳೆದೆ. ಮಗುವಿನ ಹತ್ತಿರ ಕೈ ಒಯ್ದರೆ ಕೈ ನನ್ನದಲ್ಲ ಅನಿಸುತ್ತಿತ್ತು.

ಎರಡನೆಯದನ್ನೂ ಓದಿದೆ. ನಿನ್ನ ಮೇಲೆ ಸಿಟ್ಟಿದೆ, ಸುಳ್ಳು ಯಾಕೆ ಹೇಳಲಿ. ಇಲ್ಲದ ಜ್ವರಕ್ಕೆ ಹೆದರಿ ಹೆದರಿ ದೊಡ್ಡವಳಾದೆ. ಚಿಕ್ಕಂದಿನಲ್ಲಿ ಮೈ ಬಿಸಿಯಾದರೆ ಸಾಕು, ಅಮ್ಮನ ಹಾಗೆ ನಾನೂ ಹೋಗುತ್ತೇನೆ ಎಂದು ಗೋಡೆ ಹಿಡಿದು ಮಲಗುತ್ತಿದ್ದೆ, ಗೊತ್ತಾ ನಿನಗೆ? ಈ ಸಿಟ್ಟು ಇರಲಿ. ಆರುವಾಗ ಆರುತ್ತದೆ.

ಈಗ ನಿದ್ದೆ ಬರುತ್ತಿದೆ. ಎರಡು ಬಗೆಯ ಮಾತ್ರೆ. ನರ್ಸ್ ದಿನಾ ಬರುತ್ತಾಳೆ. ಇವರಿಗೆ ಎರಡು ತಿಂಗಳು ರಜೆ ಸಿಕ್ಕಿದೆ. ಮಗುವಿಗೆ ಬಾಟಲಿ ಹಿಡಿಯುತ್ತಾ ಹಿಡಿಯುತ್ತಾ ಕೂತಲ್ಲೇ ನಿದ್ದೆ ಹೋಗುತ್ತಾರೆ, ಆಗ ಬಾಟಲಿಯನ್ನು ನಾನು ತೆಗೆದುಕೊಳ್ಳುತ್ತೇನೆ. ಮೊದಲ ದಿನ ಬೆವರಿದೆ. ನಾಲ್ಕನೆಯ ದಿನ ಅದು ನನ್ನ ಬೆರಳು ಹಿಡಿಯಿತು. ಈಗ ಮಗು ಅಳುತ್ತದೆ ದೊಡ್ಡಮ್ಮಾ, ಗಂಟಲು ಹರಿಯುವ ಹಾಗೆ. ಕೆಳಗಿನ ಮನೆಯವರು ಕೋಲಿನಿಂದ ಸೂರು ಕುಟ್ಟುತ್ತಾರೆ. ನನಗೆ ಖುಷಿಯಾಗುತ್ತದೆ.

ಅವಳು ಬರುವುದು ನಿಂತಿದೆ. ನೀನು ಹೇಳಿದ್ದನ್ನೇ ಡಾಕ್ಟರೂ ಹೇಳಿದರು. ನಾನೂ ಒಪ್ಪಿದ್ದೇನೆ. ಆದರೆ ಇವರು ನಿನಗೆ ಫೋನಿನಲ್ಲಿ ಹೇಳದ ಒಂದು ಮಾತಿದೆ. ಡಾಕ್ಟರಿಗೂ ನಾವು ಹೇಳಿಲ್ಲ. ನಿನಗಾದರೂ ಹೇಳಬೇಕು.

ನೀನು ಫೋನು ಮಾಡಿಸಿದ ದಿನ ಇವರು ಓಡಿ ಬಂದಾಗ ಮಧ್ಯಾಹ್ನ ಒಂದೂವರೆ. ಕೆಳಗೆ ನಿಂತು ಲಿಫ್ಟಿನ ಗುಂಡಿ ಒತ್ತಿದರು. ಬಾಗಿಲು ತೆರೆದರೆ ಒಳಗೆ ನಾನಿದ್ದೆ. ಬರಿಗಾಲು. ಕೈಯಲ್ಲಿ ಮಗು ಇಲ್ಲ. ಹೊರಡಬೇಕೆಂದು ಇಳಿದಿದ್ದೆ, ಹೊರಗೆ ಕಾಲಿಡಲಾಗದೆ ಮತ್ತೆ ಮೇಲೆ, ಮತ್ತೆ ಕೆಳಗೆ. ಬಾಗಿಲು ಕಾಯುವವನು ಇವರನ್ನು ಪಕ್ಕಕ್ಕೆ ಕರೆದು ಹೇಳಿದನಂತೆ, "ಒಂದು ಗಂಟೆ ಹೊತ್ತಿನಿಂದ ನೋಡ್ತಿದೀನಿ, ಅವರು ಲಿಫ್ಟಿಂದ ಇಳಿದೇ ಇಲ್ಲ." ಇಬ್ಬರೂ ಮೇಲೆ ಹೋದೆವು. ಮನೆಗೆ ಬೀಗ ಹಾಕಿತ್ತು, ಕೀ ನನ್ನ ಮುಷ್ಟಿಯಲ್ಲಿತ್ತು. ಮಗು ಮಂಚದ ಮೇಲೆ ಹೊಸ ಅಂಗಿ ತೊಟ್ಟು ಮಲಗಿತ್ತು.

ಅದರ ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು ದೊಡ್ಡಮ್ಮಾ. ಟಬ್ಬಿನ ನೀರಿಗೆ ಇವರು ಕೈ ಹಾಕಿದರು. ಇನ್ನೂ ಬಿಸಿ ಇತ್ತು.

ಇವರು ಆ ವಿಷಯ ಮತ್ತೆ ಎತ್ತಿಲ್ಲ. ನಾನೂ ಎತ್ತಿಲ್ಲ. ಮಗು ಎಷ್ಟೇ ಅಳುತ್ತಿರಲಿ, ಹನ್ನೆರಡೂವರೆಗೆ ಸುಮ್ಮನಾಗಿ ಬಾಗಿಲ ಕಡೆ ನೋಡುತ್ತದೆ. ನಾನೂ ನೋಡುತ್ತೇನೆ. ಯಾರೂ ಬರುವುದಿಲ್ಲ. ಬರಬಾರದು ಎಂದುಕೊಳ್ಳುತ್ತೇನೆ, ಬಂದರೆ ಎಂದೂ ಅನಿಸುತ್ತದೆ. ಅವಳಿದ್ದರೆ ನಾನು ಮಲಗಬಹುದು.

ನೂಲು ಕಳಿಸಿದ್ದೇನೆ. ಈ ಸಲ ಮೈಯ ಅಳತೆಯೇ. ನಿನ್ನೆ ಮಧ್ಯಾಹ್ನ ಇವರು ಅಂಗಡಿಗೆ ಹೋಗಿದ್ದಾಗ ನನ್ನ ತೊಡೆಯ ಮೇಲೆ ಮಲಗಿಸಿಕೊಂಡು ನಾನೊಬ್ಬಳೇ ಅಳೆದೆ.

ಗುಂಡುಸೂಜಿ


ಏಪ್ರಿಲ್ 28

ಗುಂಡುಸೂಜೀ,

ನೂಲು ಬಂತು. ಮೈಯ ಅಳತೆಯೇ, ಯಾವ ಅಂಗಿಗೂ ಕೂಡುವುದಿಲ್ಲ. ಎದೆ ತುಂಬಿಕೊಂಡಿದೆ, ತೋಳು ಗಿಡ್ಡ, ನಿನ್ನ ಹಾಗೆ. ಗಂಟುಗಳೂ ಸರಿಯಾಗಿವೆ.

ನೀರಿನ ವಿಷಯ ತಲೆಗೆ ಹಚ್ಚಿಕೊಳ್ಳಬೇಡ. ಮುಚ್ಚಿದ ಮನೆಯಲ್ಲಿ ನೀರು ಬೇಗ ಆರುವುದಿಲ್ಲ, ಕೂಸಿನ ಕೂದಲೂ ಆರುವುದಿಲ್ಲ. ಬಾಗಿಲು ಕಾಯುವವರಿಗೆ ಮಾಡಲು ಕೆಲಸವಿಲ್ಲ, ಹತ್ತು ನಿಮಿಷವನ್ನು ಒಂದು ಗಂಟೆ ಎನ್ನುತ್ತಾರೆ. ಡಾಕ್ಟರು ಹೇಳಿದ್ದೇ ಸರಿ. ಇದನ್ನೂ ಅವರಿಗೆ ಹೇಳು, ಅಳಿಯನ ಎದುರಿಗೇ ಹೇಳು. ಮಾತ್ರೆ ನಿಲ್ಲಿಸಬೇಡ. ಅಳಿಯನ ರಜೆ ಮುಗಿದ ಮೇಲೆ ಮಧ್ಯಾಹ್ನ ಆ ನರ್ಸನ್ನೇ ಬರಹೇಳು.

ಸಿಟ್ಟು ಇಟ್ಟುಕೋ. ನಾನಿದ್ದರೂ ಇಟ್ಟುಕೊಳ್ಳುತ್ತಿದ್ದೆ. ಬರೆಯುವುದು ಮಾತ್ರ ನಿಲ್ಲಿಸಬೇಡ.

ದೊಡ್ಡಮ್ಮ


ಏಪ್ರಿಲ್ 28, ಮಧ್ಯಾಹ್ನ

ಎಡಚೀ,

ನಿನ್ನನ್ನು ಹೀಗೆ ಕರೆದು ಇಪ್ಪತ್ತೆಂಟು ವರ್ಷವಾಯಿತು. ಇದಕ್ಕೆ ಯಾವ ವಿಳಾಸ ಹಾಕಬೇಕೋ ನನಗೆ ಗೊತ್ತಿಲ್ಲ. ಆದರೂ ಬರೆಯುತ್ತೇನೆ. ನಿನಗೆ ಓದಲು ಬರುವಷ್ಟು ಅಕ್ಷರದಲ್ಲೇ ನನಗೂ ಬರೆಯಲು ಬರುವುದು.

ನಿನ್ನ ಮಗಳಿಗೆ ಈಗಷ್ಟೇ ಇನ್ನೊಂದು ಸುಳ್ಳು ಬರೆದು ಅಂಟಿಸಿ ಇಟ್ಟೆ. ಗಂಟುಗಳು ಸರಿಯಾಗಿವೆ ಎಂದೆ. ಮೂರು ನೂಲಿನ ಗಂಟು ಅವಳವೇ, ಬಲಗೈಯವು, ನಾನು ಕಲಿಸಿದ್ದು. ನಾಲ್ಕನೆಯದು, ಕೂಸಿನ ಕುತ್ತಿಗೆಯದು, ಹಾಗಿಲ್ಲ. ನಾಲ್ಕಕ್ಕೆ ನಾಲ್ಕು ಗಂಟೂ ಎಡಕ್ಕೆ ತಿರುಗಿವೆ. ಬೆಳಕಿಗೆ ಹಿಡಿದು ನೋಡಿದೆ, ಕನ್ನಡಕ ಒರೆಸಿ ನೋಡಿದೆ. ಈ ಅಂಗಡಿಯಲ್ಲಿ ಹಾಗೆ ಗಂಟು ಹಾಕುತ್ತಿದ್ದವಳು ನೀನೊಬ್ಬಳೇ. ಅದಕ್ಕಾಗಿ ನಾನು ನಿನ್ನ ಬೆರಳಿನ ಗೆಣ್ಣಿಗೆ ಸ್ಕೇಲಿನಿಂದ ಎಷ್ಟು ಹೊಡೆದಿದ್ದೇನೆ. ನೀನು ಬಿಡಲಿಲ್ಲ.

ಕುತ್ತಿಗೆ ಅಳೆಯುವಾಗ ಅಷ್ಟು ಸಣ್ಣ ಕೂಸಿನ ತಲೆ ಹಿಡಿಯಲು ಒಬ್ಬರು ಬೇಕು, ನೂಲು ಸುತ್ತಲು ಒಬ್ಬರು ಬೇಕು. ಅವಳು ಒಬ್ಬಳೇ ಅಳೆದೆ ಎಂದು ಬರೆದಿದ್ದಾಳೆ. ಹಾಗೆಂದೇ ನಂಬಿದ್ದಾಳೆ.

ದೆವ್ವದ ಮೇಲೆ ನನಗೆ ನಂಬಿಕೆಯಿಲ್ಲ. ನೀನು ಸತ್ತಿದ್ದೀಯೋ ಇದ್ದೀಯೋ ಅದೂ ನನಗೆ ಗೊತ್ತಿಲ್ಲ. ಗಂಟು ಗೊತ್ತು, ಅಷ್ಟೇ. ಇದನ್ನು ಅವಳಿಗೆ ಹೇಳಿದರೆ ಮಾತ್ರೆ ಎಸೆದು ನಿನಗಾಗಿ ಕಾಯುತ್ತಾ ಕೂರುತ್ತಾಳೆ. ಆದ್ದರಿಂದ ನಿನಗೇ ಹೇಳುತ್ತೇನೆ.

ಅವಳು ಮುಟ್ಟದ ಆ ದಿನಗಳಲ್ಲಿ ಕೂಸು ಬಾಡಲಿಲ್ಲ. ಅದು ನಿನ್ನ ಕೆಲಸವಾದರೆ, ಸರಿ, ಚೆನ್ನಾಗಿ ಮಾಡಿದೆ. ಸ್ವಂತ ಮಗಳಿಗೆ ಮಾಡಲಾಗದ್ದನ್ನು ಮೊಮ್ಮಗಳಿಗೆ ಮಾಡಿದೆ. ಇನ್ನು ಸಾಕು. ಮೂರು ಅಳತೆ ಅವಳ ಕೈಗೆ ಬಂದಿದೆ, ನಾಲ್ಕನೆಯದನ್ನೂ ಬಿಡು. ನೀನು ಅಲ್ಲಿರುವವರೆಗೆ ಕೂಸು ಬಾಗಿಲು ನೋಡುತ್ತದೆ, ಅವಳೂ ಬಾಗಿಲು ನೋಡುತ್ತಾಳೆ. ನೋಡಿಕೊಳ್ಳಲು ಇನ್ನೊಬ್ಬಳಿದ್ದಾಳೆ ಎಂದು ಒಂದು ದಿನ ಮತ್ತೆ ಎದ್ದು ಹೋಗುತ್ತಾಳೆ, ನೀನು ಹೋದ ಹಾಗೆ. ನಿನ್ನ ಒಳ್ಳೆಯತನವೇ ಅವಳನ್ನು ಹೊರಗೆ ಹಾಕುತ್ತದೆ. ಕೂಸು ಅಳಲಿ. ಅವಳು ಎತ್ತಿಕೊಳ್ಳುತ್ತಾಳೆ. ತಡವಾದರೂ ಎತ್ತಿಕೊಳ್ಳುತ್ತಾಳೆ.

ನಾನೆಲ್ಲಿಗೆ ಹೋಗಲಿ ಎಂದು ಕೇಳುತ್ತೀ. ಯಾವಾಗಲೂ ಹಾಗೇ ಕೇಳುತ್ತಿದ್ದೆ. ಇಲ್ಲಿಗೆ ಬಾ. ಮಧ್ಯಾಹ್ನದ ಹೊತ್ತು ಗಿರಾಕಿಗಳಿರುವುದಿಲ್ಲ, ನಾನೊಬ್ಬಳೇ ಇರುತ್ತೇನೆ. ಮೆಷಿನ್ ನಿಲ್ಲಿಸಿದ್ದೇನೆ. ಬಾಗಿಲ ಕಡೆ ಮುಖ ಮಾಡಿ ಕೂತು ಬರೆಯುತ್ತಿದ್ದೇನೆ. ಅಂದು ಏನು ಹೇಳಬೇಕೆಂದು ಬಂದಿದ್ದೆಯೋ ಅದನ್ನೆಲ್ಲ ಹೇಳು.

ಬೈಯುವುದಿಲ್ಲ.

ಅಕ್ಕ